ರಾಗಿ ಹೊಲದ ಗುಲಾಬಿ ಮಿಡತೆಗೆ ಕೆರೆ ನೀರು ಕಾರಣವೇ?

ಪ್ರಶ್ನೆ: ಮೇಡಂ, ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಹತ್ತಿರ ಒಂದು ಹಳ್ಳಿ. ರಾಗಿ, ಟೊಮೆಟೊ ಜೊತೆಗೆ ಸ್ವಲ್ಪ ಹಿಪ್ಪುನೇರಳೆ ಇದೆ. ಹೋದ ವಾರ ಐದನೇ ಕ್ಲಾಸಿನ ನನ್ನ ಮಗ ರಾಗಿ ಹೊಲದ ಬದುವಿನಿಂದ ಒಂದು ಮಿಡತೆ ಹಿಡಿದು ತಂದ. ಕಾಲು, ಮೈ, ತಲೆ ಎಲ್ಲಾ ಗುಲಾಬಿ ಬಣ್ಣ. ಫೋಟೊ ಕಳಿಸಿದ್ದೇನೆ. ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತೆ. ಬೆಂಗಳೂರಿನ ಕೊಳಚೆ ನೀರಿನ ಕೆಮಿಕಲ್‌ನಿಂದ ಹುಳಗಳ ಬಣ್ಣ ಕೆಟ್ಟಿದೆ, ಮುಂದೆ ಮನುಷ್ಯರಿಗೂ ಇದೇ ಗತಿ ಅಂತ ಪಕ್ಕದ ಮನೆಯವರು ಹೇಳ್ತಾರೆ. ನಮ್ಮತ್ತೆ ಇದು ಬರಗಾಲದ ಸೂಚನೆ ಅಂತಾರೆ. ಮೈದುನ ಮೊಬೈಲಿನಲ್ಲಿ ವಿಡಿಯೊ ತೋರಿಸಿ, ಇಂಥ ಹುಳಕ್ಕೆ ಲಕ್ಷಗಟ್ಟಲೆ ಬೆಲೆ ಇದೆ, ಬಿಡಬೇಡಿ ಅಂತಾನೆ. ನನಗೆ ನಿಜವಾಗಿ ಭಯ ಆಗಿರೋದು ಬೇರೆ ವಿಷಯಕ್ಕೆ. ಈ ಬೆಳೆಯಲ್ಲಿ ನಮ್ಮ ರೇಷ್ಮೆ ಹುಳು ಮನೆಯಲ್ಲಿ ಬಿಳಿ ಗೂಡುಗಳ ನಡುವೆ ಒಂದಷ್ಟು ಹಳದಿ ಗೂಡು ಬಂದಿವೆ. ಹಿಪ್ಪುನೇರಳೆಗೆ ಹಾಯಿಸೋದು ಕೆರೆ ಪಕ್ಕದ ಬೋರ್‌ವೆಲ್ ನೀರು. ಎರಡಕ್ಕೂ ಸಂಬಂಧ ಇದೆಯಾ? ಆ ನೀರು ಕುಡಿಯಬಹುದಾ? ಮಗ ಬೇರೆ ‘ಇದನ್ನ ಸಾಕಬಹುದಾ, ದೊಡ್ಡದಾದ ಮೇಲೆ ಹಸಿರಾಗುತ್ತಾ’ ಅಂತ ದಿನಾ ಕೇಳ್ತಾನೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಿಡತೆಯ ಗುಲಾಬಿ ಬಣ್ಣಕ್ಕೆ ಕೆರೆ ನೀರು ಕಾರಣ ಅಲ್ಲ. ಅದು ಹುಟ್ಟಿನಿಂದಲೇ ಬಂದ ಬಣ್ಣ. ಹಳದಿ ಗೂಡಿಗೂ ನೀರು ಕಾರಣ ಅಲ್ಲ, ಅದು ತಳಿಯ ವಿಷಯ. ಹಾಗಂತ ನೀರಿನ ಬಗ್ಗೆ ನಿಮಗಿರುವ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಆ ಪ್ರಶ್ನೆ ಕೇಳಲೇಬೇಕು. ಆದರೆ ನೀರಿನ ಪರವಾಗಿಯೋ ವಿರುದ್ಧವಾಗಿಯೋ ಈ ಮಿಡತೆ ಏನೂ ಹೇಳಲಾರದು. ಅದಕ್ಕೆ ಬೇರೆ ಕಡೆ ನೋಡಬೇಕು. ಎಲ್ಲಿ ಅಂತ ಕೆಳಗೆ ಹೇಳುತ್ತೇನೆ.

ಫೋಟೊದಲ್ಲಿ ಮೀಸೆಗಳು ದೇಹಕ್ಕಿಂತ ಉದ್ದವಾಗಿ, ಕೂದಲಿನಷ್ಟು ತೆಳ್ಳಗೆ ಕಾಣುತ್ತವೆ. ರೆಕ್ಕೆ ಇನ್ನೂ ಪೂರ್ತಿ ಬೆಳೆದಿಲ್ಲ. ಹಾಗಾಗಿ ಇದು ಗಿಡ್ಡ ಮೀಸೆಯ ಸಾಮಾನ್ಯ ಮಿಡತೆ ಅಲ್ಲ. ಉದ್ದ ಮೀಸೆಯ ಎಲೆ ಮಿಡತೆ, ಇಂಗ್ಲಿಷಿನಲ್ಲಿ ಕೇಟಿಡಿಡ್ ಅನ್ನುವ ಗುಂಪು, ಅದರ ಮರಿ. ಈ ಗುಂಪಿನಲ್ಲಿ ಗುಲಾಬಿ ಬಣ್ಣದವು ಆಗಾಗ ಹುಟ್ಟುತ್ತವೆ. ಪ್ರಪಂಚದ ಬೇರೆ ಬೇರೆ ಕಡೆ, ಕೊಳಚೆ ನೀರಿನ ಸುಳಿವೇ ಇಲ್ಲದ ಕಾಡು ಹುಲ್ಲುಗಾವಲುಗಳಲ್ಲೂ ಸಿಕ್ಕಿವೆ. ವಿಲಿಯಂ ಮಾರ್ಟನ್ ವೀಲರ್ ಅನ್ನುವ ಅಮೆರಿಕದ ಕೀಟತಜ್ಞರು 1907ರಲ್ಲೇ ಇವುಗಳ ಬಗ್ಗೆ ಬರೆದರು. ಕೆಲವು ಪ್ರಾಣಿಗಳು ಬೆಳ್ಳಗೆ ಹುಟ್ಟುವ ಹಾಗೆ ಇದೂ ಹುಟ್ಟಿನ ಗುಣ ಅನ್ನೋದು ಅವರ ವಾದವಾಗಿತ್ತು. ಆಮೇಲೆ ನ್ಯೂ ಆರ್ಲಿಯನ್ಸ್‌ನ ಕೀಟ ಸಂಗ್ರಹಾಲಯದಲ್ಲಿ ಗುಲಾಬಿ ಮತ್ತು ಹಸಿರು ಮಿಡತೆಗಳನ್ನು ಜೋಡಿ ಮಾಡಿ ಮರಿ ಮಾಡಿಸಿ ನೋಡಿದರು. ಬಣ್ಣ ವಂಶದಲ್ಲಿ ಇಳಿದು ಬರುವುದು ಖಚಿತವಾಯಿತು. ಅಷ್ಟೇ ಅಲ್ಲ, ಅವರು ಸಾಕಿದ ಜಾತಿಯಲ್ಲಿ ಗುಲಾಬಿ ಗುಣವೇ ಹಸಿರಿನ ಮೇಲೆ ಗೆಲ್ಲುತ್ತಿತ್ತು.

ಹಾಗಾದರೆ ಹೊಲದ ತುಂಬಾ ಗುಲಾಬಿ ಮಿಡತೆಗಳೇ ಇರಬೇಕಿತ್ತಲ್ವಾ? ಇರುವುದಿಲ್ಲ, ಯಾಕಂದರೆ ಹಸಿರು ರಾಗಿ ಪೈರಿನ ಮೇಲೆ ಕೂತ ಗುಲಾಬಿ ಮರಿ ಗೊರವಂಕಕ್ಕೂ ಕಾಜಾಣಕ್ಕೂ ದೂರದಿಂದಲೇ ಕಾಣುತ್ತದೆ. ಮೊಟ್ಟೆ ಇಡುವಷ್ಟು ದಿನ ಬದುಕುವುದು ಕಡಿಮೆ. ನಿಮ್ಮ ಮಗನ ಕಣ್ಣಿಗೆ ಬಿದ್ದ ಕಾರಣವೇ ಹಕ್ಕಿಯ ಕಣ್ಣಿಗೂ ಬೀಳುವ ಕಾರಣ.

ಬಣ್ಣ ಹೇಗೆ ಬರುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿದರೆ ಪಕ್ಕದ ಮನೆಯವರ ಮಾತಿಗೆ ನೀವೇ ಉತ್ತರ ಕೊಡಬಹುದು. ಮಿಡತೆಯ ಹಸಿರು ಒಂದೇ ಬಣ್ಣ ಅಲ್ಲ. ಅದರ ಮೈಯಲ್ಲಿ ತಯಾರಾಗುವ ಒಂದು ನೀಲಿ ವಸ್ತು, ತಿಂದ ಎಲೆಯಿಂದ ಬರುವ ಕ್ಯಾರೊಟಿನಾಯ್ಡ್ ಅನ್ನುವ ಹಳದಿ ವಸ್ತು, ಎರಡೂ ಸೇರಿ ಹಸಿರಾಗಿ ಕಾಣುತ್ತವೆ. ಇದಕ್ಕೆ ಪ್ರಯೋಗಾಲಯದಲ್ಲಿ ಒಳ್ಳೆಯ ಪುರಾವೆ ಇದೆ. ತಂಬಾಕಿನ ಎಲೆ ತಿನ್ನುವ ದೊಡ್ಡ ಹಸಿರು ಕಂಬಳಿಹುಳುವೊಂದಿದೆ. ಅದಕ್ಕೆ ಎಲೆಯ ಬದಲು ಹಳದಿ ವಸ್ತು ಇಲ್ಲದ ಕೃತಕ ಆಹಾರ ಕೊಟ್ಟು ಸಾಕಿದರೆ ಹುಳು ನೀಲಿಯಾಗಿ ಬೆಳೆಯುತ್ತದೆ. ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಬಣ್ಣ ಮಾತ್ರ ಬೇರೆ. ಕೆಂಪು ಮತ್ತು ಕಂದಿಗೆ ಬೇರೆ ವಸ್ತುಗಳಿವೆ. ಯಾವ ವಸ್ತು ಎಲ್ಲಿ, ಎಷ್ಟು ಇರಬೇಕು ಅನ್ನೋದನ್ನ ಮುಖ್ಯವಾಗಿ ವಂಶವಾಹಿ ನಿರ್ಧರಿಸುತ್ತದೆ. ಆ ಲೆಕ್ಕ ಒಂದು ಕಡೆ ತಪ್ಪಿದರೆ ಹಸಿರು ಹಿಂದೆ ಸರಿದು ಗುಲಾಬಿ ಮುಂದೆ ಬರುತ್ತದೆ.

ಕೆರೆ ನೀರಿನ ರಾಸಾಯನಿಕ ಮಿಡತೆಯ ಮೈ ಸೇರಿದರೆ ಏನಾಗುತ್ತೆ? ವಿಷ ಜಾಸ್ತಿಯಾದರೆ ಹುಳ ಸಾಯುತ್ತದೆ, ಇಲ್ಲವೇ ಬೆಳವಣಿಗೆ ಕುಂಠಿತವಾಗುತ್ತದೆ. ಪೊರೆ ಕಳಚಲು ಬಿಡದ ಕೀಟನಾಶಕಗಳಿವೆ, ಟೊಮೆಟೊಗೂ ಹೊಡೆಯುತ್ತಾರೆ. ಅವು ತಾಗಿದ ಮರಿಗಳು ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು, ರೆಕ್ಕೆ ಕಾಲು ಸೊಟ್ಟಗಾಗಿ ಸಾಯುತ್ತವೆ. ಕೀಟನಾಶಕದ ಕುರುಹು ಇಂಥದ್ದು. ಮೈಯೆಲ್ಲ ಒಂದೇ ಸಮ ಗುಲಾಬಿಯಾಗಿ, ಜಿಗಿದು ಓಡಾಡಿಕೊಂಡಿರುವ ಮರಿ ವಿಷ ತಿಂದದ್ದಲ್ಲ.

ಹಾಗಂತ ಪರಿಸರಕ್ಕೂ ಕೀಟದ ಬಣ್ಣಕ್ಕೂ ಸಂಬಂಧವೇ ಇಲ್ಲ ಅಂತ ತಿಳಿಯಬೇಡಿ. ಸಂಬಂಧ ಇದೆ, ಆದರೆ ಜನ ಅಂದುಕೊಂಡ ಹಾಗಿಲ್ಲ. ನಿಮ್ಮತ್ತೆಯವರ ಮಾತನ್ನೇ ತೆಗೆದುಕೊಳ್ಳೋಣ. ಗುಲಾಬಿ ಮಿಡತೆ ಬರ ತರುವುದಿಲ್ಲ. ಆದರೆ ಹಿರಿಯರು ಹುಳುಗಳ ಬಣ್ಣದಲ್ಲಿ ಮಳೆ ಬೆಳೆ ಗಮನಿಸುತ್ತಿದ್ದುದರಲ್ಲಿ ಹುರುಳಿದೆ. ಕೆಲವು ಜಾತಿಯ ಮಿಡತೆಗಳು ತೇವ ಜಾಸ್ತಿ ಇದ್ದಾಗ ಹಸಿರಾಗಿಯೂ, ಒಣ ಹವೆಯಲ್ಲಿ ಕಂದಾಗಿಯೂ ಬೆಳೆಯುತ್ತವೆ. ಸಂಜೆ ಹೊತ್ತು ದೀಪದ ಹತ್ತಿರ ಬರುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯನ್ನು ನೋಡಿ. ಮಳೆಗಾಲದಲ್ಲಿ ಹುಟ್ಟಿದ್ದರ ರೆಕ್ಕೆಯ ಅಡಿ ಕಣ್ಣಿನಂಥ ಚುಕ್ಕೆಗಳ ಸಾಲು ಇರುತ್ತದೆ. ಬೇಸಿಗೆಯಲ್ಲಿ ಹುಟ್ಟಿದ್ದರಲ್ಲಿ ಆ ಚುಕ್ಕೆ ಮಾಯವಾಗಿ, ರೆಕ್ಕೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದೇ ಜಾತಿ ಅಂತ ನಂಬೋದು ಕಷ್ಟ. ಮರಿ ಬೆಳೆಯುವಾಗಿನ ಬಿಸಿ, ತೇವ ಇದನ್ನು ನಿರ್ಧರಿಸುತ್ತವೆ. ಇದು ರೋಗವೂ ಅಲ್ಲ, ಮಾಲಿನ್ಯವೂ ಅಲ್ಲ, ಋತುವಿಗೆ ತಕ್ಕ ವೇಷ.

ಮಾಲಿನ್ಯ ಅಂದಾಗ ಎಲ್ಲರೂ ನೆನೆಯುವುದು ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಅನ್ನುವ ಪತಂಗವನ್ನು. ನಿಮ್ಮ ಪಕ್ಕದ ಮನೆಯವರ ವಾದಕ್ಕೆ ತೀರಾ ಹತ್ತಿರದ ಉದಾಹರಣೆ ಅದು, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಅದು ಬಿಳಿ ಮೈಮೇಲೆ ಕಪ್ಪು ಚುಕ್ಕೆ ಇರುವ ಪತಂಗ. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪೂರ್ತಿ ಕಪ್ಪು ಪತಂಗ ಒಂದು ಸಿಕ್ಕಿತು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪಾಗಿದ್ದವು. ಕಾರ್ಖಾನೆಯ ಮಸಿ ಪತಂಗಕ್ಕೆ ಬಣ್ಣ ಬಳಿಯಲಿಲ್ಲ. ಮಸಿ ಕೂತದ್ದು ಮರದ ತೊಗಟೆಗೆ. ಕಪ್ಪು ತೊಗಟೆಯ ಮೇಲೆ ಬಿಳಿ ಪತಂಗ ಹಕ್ಕಿಗೆ ಸುಲಭವಾಗಿ ಸಿಕ್ಕಿತು, ಮೊದಲೇ ಅಲ್ಲೊಂದು ಇಲ್ಲೊಂದು ಇದ್ದ ಕಪ್ಪು ಪತಂಗ ಉಳಿಯಿತು, ಅದರ ಸಂತಾನ ಹೆಚ್ಚಿತು. 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ಹೊಗೆ ಕಡಿಮೆಯಾದ ಮೇಲೆ ಮತ್ತೆ ಬಿಳಿಯವು ಮೇಲಾದವು. 2016ರಲ್ಲಿ ವಿಜ್ಞಾನಿಗಳು ಆ ಕಪ್ಪಿಗೆ ಕಾರಣವಾದ ವಂಶವಾಹಿ ಬದಲಾವಣೆಯನ್ನೂ ಪತ್ತೆ ಮಾಡಿದರು. ಅದು ಹುಟ್ಟಿದ್ದು 1819ರ ಆಸುಪಾಸಿನಲ್ಲಿ ಅಂತ ಅವರ ಅಂದಾಜು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಪರಿಸರ ಒಂದು ಹುಳದ ಬಣ್ಣ ಬದಲಿಸಲಿಲ್ಲ, ಯಾವ ಬಣ್ಣದವು ಎಷ್ಟು ಉಳಿಯುತ್ತವೆ ಅನ್ನೋ ಲೆಕ್ಕ ಬದಲಿಸಿತು. ಅದು ಗೊತ್ತಾಗಲು ವರ್ಷಗಟ್ಟಲೆ ಸಾವಿರಾರು ಹುಳ ಎಣಿಸಬೇಕು. ಒಂದು ಮಿಡತೆಯಿಂದ ಏನೂ ತಿಳಿಯುವುದಿಲ್ಲ.

ಇನ್ನು ಕೆಲವು ಬಣ್ಣಗಳು ನೋಡಿದ ತಕ್ಷಣ ಗಾಬರಿ ಹುಟ್ಟಿಸುತ್ತವೆ, ಅವನ್ನೂ ಹೇಳಿಬಿಡುತ್ತೇನೆ. ಬಚ್ಚಲಲ್ಲಿ ಹಾಲಿನ ಬಣ್ಣದ ಜಿರಲೆ ಕಂಡರೆ ಅದು ಈಗಷ್ಟೇ ಪೊರೆ ಬಿಟ್ಟದ್ದು, ಕೆಲವೇ ಗಂಟೆಯಲ್ಲಿ ಕಂದಾಗುತ್ತದೆ. ಮಣ್ಣು ಅಗೆಯುವಾಗ ಇಟ್ಟಿಗೆ ಕೆಂಪಿನ ಸತ್ತ ಗೊಣ್ಣೆಹುಳು ಸಿಕ್ಕರೆ ಖುಷಿಪಡಿ. ಹೆಟೆರೊರ್‍ಯಾಬ್ಡೈಟಿಸ್ ಅನ್ನುವ ಕಣ್ಣಿಗೆ ಕಾಣದ ಜಂತು ಅದನ್ನು ಕೊಂದಿರುತ್ತದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದವರು ಅದೇ ಜಂತುವಿನಿಂದ ಗೊಣ್ಣೆಹುಳುವಿಗೆ ಜೈವಿಕ ಔಷಧ ಮಾಡಿದ್ದಾರೆ. ಎಕ್ಕದ ಗಿಡದ ಮೇಲೆ ಹಳದಿ ನೀಲಿ ಪಟ್ಟೆಯ ದಪ್ಪ ಮಿಡತೆ ಕಂಡು 2020ರಲ್ಲಿ, ಉತ್ತರ ಭಾರತಕ್ಕೆ ಮರುಭೂಮಿ ಮಿಡತೆ ದಾಳಿ ಇಟ್ಟ ಹೊತ್ತಿನಲ್ಲಿ, ನಮ್ಮ ಕಡೆ ತುಂಬಾ ಜನ ಹೆದರಿದ್ದರು. ಅದು ಎಕ್ಕದ ಮಿಡತೆ. ಅದರ ಸಹಜ ಬಣ್ಣವೇ ಅದು. ಎಕ್ಕದ ಹಾಲಿನ ವಿಷ ಮೈಯಲ್ಲಿ ತುಂಬಿಕೊಂಡಿರುತ್ತದೆ, ನನ್ನನ್ನು ತಿನ್ನಬೇಡಿ ಅಂತ ಹಕ್ಕಿಗಳಿಗೆ ಹೇಳುವ ಬಣ್ಣ. ಮಕ್ಕಳು ಮುಟ್ಟಿದರೆ ರಸ ಚಿಮ್ಮಿಸುತ್ತದೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಈಗ ನಿಮ್ಮ ಹುಳು ಮನೆಗೆ ಬರೋಣ. ನಿಮ್ಮ ಜೀವನ ನಿಂತಿರುವುದು ಅದರ ಮೇಲೆ.

ರೇಷ್ಮೆ ಗೂಡಿನ ಹಳದಿಯೂ ಎಲೆಯಿಂದಲೇ ಬರುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹಳದಿ ವಸ್ತು ಹುಳದ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಹೋಗಬೇಕು. ಹಾದಿ ತೆರೆದಿರುವ ತಳಿಯಲ್ಲಿ ಗೂಡು ಹಳದಿ, ಮುಚ್ಚಿರುವ ತಳಿಯಲ್ಲಿ ಬಿಳಿ. ಹಾದಿ ತೆರೆಯುವುದು ವಂಶವಾಹಿ, ನೀರಲ್ಲ. ಕುಣಿಗಲ್ ಕಡೆ ಸಾಕುವ ನಮ್ಮ ಹಳೆಯ ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ. ಅದನ್ನು ದ್ವಿತಳಿಯ (ಬೈವೋಲ್ಟೈನ್) ಜೊತೆ ಬೆರೆಸಿದ ಮಿಶ್ರತಳಿಯಲ್ಲೂ ಹಳದಿ ಉಳಿಯುತ್ತದೆ. ದ್ವಿತಳಿ ಮಾತ್ರ ಬೆಳ್ಳಗೆ. ನಿಮ್ಮದು ದ್ವಿತಳಿ ಬೆಳೆಯಾಗಿದ್ದು ನಡುವೆ ಹಳದಿ ಗೂಡು ಬಂದಿದ್ದರೆ, ಮೊಟ್ಟೆಯ ಹಂತದಲ್ಲೋ, ಚಾಕಿ ಅಂದರೆ ಎಳೆ ಹುಳು ಸಾಕಿಕೊಡುವ ಸೆಂಟರ್‌ನಲ್ಲೋ ಬೇರೆ ತಳಿಯ ಹುಳು ಬೆರೆತಿವೆ ಅಂತ ಅರ್ಥ. ಹುಳು ಮನೆಗಳಲ್ಲಿ ನಾನು ಇದನ್ನು ನೋಡುತ್ತಲೇ ಬಂದಿದ್ದೇನೆ. ಚಾಕಿ ತಂದ ಕಡೆ ಲಾಟ್ ನಂಬರ್ ಹೇಳಿ ವಿಚಾರಿಸಿ. ಅದೇ ಲಾಟಿನ ಬೇರೆ ರೈತರಿಗೂ ಹೀಗೇ ಆಗಿದ್ದರೆ ಅನುಮಾನವೇ ಬೇಡ. ಮಾರುಕಟ್ಟೆಗೆ ಹಾಕುವ ಮುಂಚೆ ಹಳದಿ ಗೂಡು ಬೇರೆ ಮಾಡಿ. ಬೆರಕೆ ಗೂಡಿಗೆ ನೂಲು ಬಿಚ್ಚುವ ರೀಲರ್‌ಗಳು ಇಡೀ ಲಾಟಿನ ಬೆಲೆ ಇಳಿಸುತ್ತಾರೆ.

ಗೂಡಿನ ಬಣ್ಣಕ್ಕಿಂತ ಹುಳುವಿನ ಬಣ್ಣದ ಮೇಲೆ ಕಣ್ಣಿಡಿ. ಅಲ್ಲಿ ಬಣ್ಣ ನಿಜವಾಗಿಯೂ ಸುದ್ದಿ ಹೇಳುತ್ತದೆ. ಮೈ ಊದಿ, ಚರ್ಮ ಹೊಳೆದು, ಒಡೆದರೆ ಹಾಲಿನಂಥ ರಸ ಬಂದರೆ ಹಾಲುತೊಂಡೆ. ಸತ್ತ ಹುಳು ಸುಣ್ಣ ಬಳಿದಂತೆ ಗಟ್ಟಿಯಾದರೆ ಸುಣ್ಣಕಟ್ಟು. ಈ ಎರಡೂ ನಿಮಗೆ ಗೊತ್ತಿರುತ್ತವೆ. ಗೊತ್ತಿಲ್ಲದ್ದು ಇನ್ನೊಂದಿದೆ. ಹುಳುವಿನ ಮೈಯ ಗೆಣ್ಣು ಗೆಣ್ಣಿನ ನಡುವೆ ಉಬ್ಬಿ, ಅಲ್ಲಿ ಕಪ್ಪು ಕಂದು ಉಂಗುರ ಕಾಣಿಸಿಕೊಂಡು, ಒಂದೇ ತಟ್ಟೆಯಲ್ಲಿ ಕೆಲವು ದೊಡ್ಡವು ಕೆಲವು ಚಿಕ್ಕವಾಗಿ ಉಳಿದರೆ, ಅದು ಫ್ಲೋರೈಡ್ ವಿಷದ ಲಕ್ಷಣ. ಚೀನಾದ ರೇಷ್ಮೆ ಪ್ರದೇಶಗಳಲ್ಲಿ ಇದು ದೊಡ್ಡ ಸಮಸ್ಯೆಯಾಗಿತ್ತು. ಅಲ್ಲಿ ಫ್ಲೋರೈಡ್ ಬಂದದ್ದು ನೀರಿನಿಂದ ಅಲ್ಲ, ಇಟ್ಟಿಗೆ ಸುಡುವಾಗ ಮಣ್ಣಿನಿಂದ ಹೊರಡುವ ಹೊಗೆಯಿಂದ. ಗಾಳಿಯಲ್ಲಿ ಬಂದು ಸೊಪ್ಪಿನಲ್ಲಿ ಸೇರುತ್ತದೆ. ಮಾಲೂರು ಸೀಮೆಯಲ್ಲಿ ಇಟ್ಟಿಗೆ, ಹೆಂಚಿನ ಕಸುಬು ಎಷ್ಟಿದೆ ಅಂತ ನಿಮಗೆ ಹೇಳಬೇಕಿಲ್ಲ. ನಿಮ್ಮ ತೋಟ ಅಂಥ ಕಡೆಯ ಗಾಳಿಗೆ ಸಿಕ್ಕುವಂತಿದ್ದರೆ, ಆ ಬದಿಯ ಸೊಪ್ಪನ್ನು ಚಾಕಿ ಹುಳುವಿಗೆ ಹಾಕಬೇಡಿ.

ಅದಕ್ಕಿಂತ ಹತ್ತಿರದ ಅಪಾಯ ನಿಮ್ಮ ಟೊಮೆಟೊ. ಅದರ ಕಾಯಿಕೊರಕಕ್ಕೆ ಅಂತ ಹೊಡೆಯುವ ಕೆಲವು ಔಷಧಿಗಳು ರೇಷ್ಮೆ ಹುಳುವಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಗಾಳಿಗೆ ಹಾರಿ ಸೊಪ್ಪಿನ ಮೇಲೆ ಬಿದ್ದರೆ ಸಾಕು. ಹುಳು ತಲೆ ಆಡಿಸುತ್ತಾ, ಹಸಿರು ರಸ ಕಕ್ಕಿ, ಮೈ ಕುಗ್ಗಿ ಸಾಯುತ್ತದೆ. ಇಲ್ಲಿ ಬಣ್ಣ ಏನೂ ಬದಲಾಗುವುದಿಲ್ಲ, ಹಾಗಾಗಿ ಜನ ಕಾರಣವನ್ನು ಬೇರೆ ಕಡೆ ಹುಡುಕುತ್ತಾರೆ. ಹಿಪ್ಪುನೇರಳೆಗೂ ಟೊಮೆಟೊಗೂ ನಡುವೆ ಜಾಗ ಬಿಡಿ, ಎತ್ತರದ ಬೇಲಿ ಗಿಡ ಹಾಕಿ. ಗಾಳಿ ಬೀಸುವಾಗ ಔಷಧಿ ಹೊಡೆಯಬೇಡಿ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಂತೂ ಪಕ್ಕದ ಹೊಲದವರಿಗೂ ಒಂದು ಮಾತು ಹೇಳಿಡಿ.

ಇನ್ನು ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಕೆಲಸ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ಅಂತರ್ಜಲ ಏರಿಸುವುದು ಅದರ ಉದ್ದೇಶ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡ ರೈತರ ಸಂತೋಷ ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಕೇಳುತ್ತಿರುವುದೂ ನ್ಯಾಯ. ನನ್ನ ಅಭಿಪ್ರಾಯವೂ ಅದೇ. ಕುಡಿಯುವ ನೀರಿನ ಮೂಲಕ್ಕೆ ಸೇರುವ ನೀರಿಗೆ ಎರಡು ಹಂತ ಸಾಲದು.

ಹುಳಗಳಿಂದಲೇ ಕೆರೆಯ ಸ್ಥಿತಿ ತಿಳಿಯಬೇಕು ಅಂತಿದ್ದರೆ, ಮಿಡತೆ ಬಿಟ್ಟು ಕೆರೆಯಂಚಿನ ಕೆಸರು ನೋಡಿ. ಒಂದು ಬಟ್ಟಲು ಕೆಸರನ್ನು ಬಿಳಿ ತಟ್ಟೆಗೆ ಹಾಕಿ ನೀರು ಬೆರೆಸಿ. ದಾರದಂಥ ಕಡುಗೆಂಪು ಹುಳು ನುಲಿಯುತ್ತಾ ಕಾಣಬಹುದು. ಅವು ಕಚ್ಚದ ಒಂದು ಜಾತಿ ನೊಣದ ಮರಿಗಳು, ಕೈರೊನೊಮಿಡ್ ಅಂತಾರೆ. ನಮ್ಮ ರಕ್ತ ಕೆಂಪಾಗಿರಲು ಕಾರಣವಾದ ಹಿಮೊಗ್ಲೋಬಿನ್ ಅವುಗಳ ಮೈಯಲ್ಲೂ ಇದೆ. ಅದರಿಂದಾಗಿ ಆಮ್ಲಜನಕ ತೀರಾ ಕಡಿಮೆ ಇರುವ ಕೊಳಕು ಕೆಸರಿನಲ್ಲೂ ಬದುಕುತ್ತವೆ. ಅವು ಒಂದಷ್ಟು ಎಲ್ಲ ಕೆರೆಯಲ್ಲೂ ಇರುತ್ತವೆ. ಜೊತೆಗೆ ಬಾಲದಲ್ಲಿ ಮೂರು ಎಳೆ ಇರುವ ಮರಿಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಸವನಹುಳು ಎಲ್ಲಾ ಇದ್ದರೆ ಪರವಾಗಿಲ್ಲ. ಕೆಂಪು ಹುಳು ಮಾತ್ರ ರಾಶಿ ರಾಶಿ, ಬೇರೆ ಯಾವುದೂ ಇಲ್ಲ ಅಂದರೆ ಕೊಳೆ ಜಾಸ್ತಿಯಾಗಿದೆ, ಆಮ್ಲಜನಕ ಕುಸಿದಿದೆ. ನಿಮ್ಮ ಮಗನ ಶಾಲೆಯ ಮಕ್ಕಳು ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಇದನ್ನು ನೋಡಿ ಬರೆದಿಟ್ಟರೆ ಬೆಲೆಬಾಳುವ ದಾಖಲೆಯಾಗುತ್ತದೆ. ಮಕ್ಕಳು ನೀರಿಗಿಳಿಯುವುದು ಬೇಡ, ದೊಡ್ಡವರು ಕೆಸರು ತೆಗೆದುಕೊಡಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಕೊಳೆಯನ್ನು ಈ ಹುಳು ಹೇಳುತ್ತವೆ. ಬೋರ್‌ವೆಲ್ ನೀರಿನ ಫ್ಲೋರೈಡ್, ನೈಟ್ರೇಟ್, ಭಾರಲೋಹಗಳನ್ನು ಯಾವ ಹುಳವೂ ಹೇಳಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಆಗಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೋಲಾರದ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಸಮಸ್ಯೆ ಕೆ.ಸಿ. ವ್ಯಾಲಿಗಿಂತ ತುಂಬಾ ಹಳೆಯದು, ಬಂಡೆಯಿಂದ ಬಂದದ್ದು. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಆ ನೀರು ಬೇಡ. ಊರಿನ ಶುದ್ಧ ನೀರಿನ ಘಟಕದ್ದು ತನ್ನಿ. ಕುದಿಸಿ ಕುಡಿಯುತ್ತೇವೆ ಅಂತ ಸಮಾಧಾನ ಪಡಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ದಟ್ಟವಾಗುತ್ತವೆ. ಬೆಳೆಗೆ ಹಾಯಿಸುವ ನೀರು ಮತ್ತು ತೋಟದ ಮಣ್ಣಿನ ಪರೀಕ್ಷೆಗೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮಾದರಿ ತೆಗೆಯುವ ಮುಂಚೆ ಮೋಟರ್ ಸ್ವಲ್ಪ ಹೊತ್ತು ಓಡಲಿ, ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಲ್ಯಾಬಿನವರು ಕೊಡುವ ಬಾಟಲಿಯೇ ಬೇಕು, ಅದನ್ನು ತೊಳೆಯಬಾರದು.

ಮೈದುನನಿಗೆ ಒಂದು ಮಾತು. ಗುಲಾಬಿ ಮಿಡತೆಗೆ ಲಕ್ಷ ಕೊಡುವ ಮಾರುಕಟ್ಟೆ ಎಲ್ಲೂ ಇಲ್ಲ. ಮಣ್ಣುಮುಕ್ಕ ಹಾವಿಗೆ ಕೋಟಿ ಬೆಲೆ ಅಂತ ನಂಬಿ ಹಣ ಕಳೆದುಕೊಂಡವರು, 1972ರ ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಬಿದ್ದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಈ ವಿಡಿಯೊದವರೂ ‘ಮೊದಲು ನೋಂದಣಿ ಹಣ ಕಳಿಸಿ’ ಅಂತಲೇ ಶುರು ಮಾಡುತ್ತಾರೆ. ಒಂದು ರೂಪಾಯಿಯೂ ಕಳಿಸಬೇಡಿ.

ಕೊನೆಗೆ ನಿಮ್ಮ ಮಗನ ಪ್ರಶ್ನೆ, ಅವನಿಗೇ ಹೇಳುತ್ತೇನೆ. ಸಾಕಬಹುದು ಪುಟ್ಟಾ, ಆದರೆ ಚಿಕ್ಕ ಡಬ್ಬಿಯಲ್ಲಿ ಬೇಡ. ಎತ್ತರದ ಪಾತ್ರೆಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ಒಳಗೆ ಒಂದು ಕಡ್ಡಿ ನಿಲ್ಲಿಸು. ಅದು ಪೊರೆ ಬಿಡುವಾಗ ತಲೆಕೆಳಗಾಗಿ ನೇತಾಡಬೇಕು, ಜಾಗ ಸಾಲದಿದ್ದರೆ ರೆಕ್ಕೆ ಮುದುಡಿಹೋಗುತ್ತದೆ. ಸೀಬೆ, ದಾಸವಾಳದ ಎಳೆ ಎಲೆ ಹಾಕಿ ನೋಡು. ಔಷಧಿ ಹೊಡೆದ ಗಿಡದ್ದು ಬೇಡ. ದಿನಕ್ಕೊಮ್ಮೆ ಎಲೆಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಕುಡಿಯುತ್ತದೆ. ಇಂಥ ಕೆಲವು ಮರಿಗಳು ದೊಡ್ಡದಾದ ಮೇಲೂ ಗುಲಾಬಿಯಾಗಿಯೇ ಉಳಿಯುತ್ತವೆ. ಕೆಲವು ಪೊರೆ ಬಿಟ್ಟಂತೆ ಬಣ್ಣ ಬದಲಿಸುತ್ತವೆ. ಪ್ರತಿ ಸಲ ಪೊರೆ ಬಿಟ್ಟಾಗ ತಾರೀಖು ಬರೆದು, ಹಗಲು ಬೆಳಕಲ್ಲಿ ಒಂದು ಫೋಟೊ ತೆಗೆ. ರೆಕ್ಕೆ ಪೂರ್ತಿ ಬಂದ ಮೇಲೆ ಹಿಡಿದ ಬದುವಿನಲ್ಲೇ ಸಂಜೆ ಹೊತ್ತು ಬಿಡು, ಆಗ ಹಕ್ಕಿಗಳ ಕಾಟ ಕಡಿಮೆ. ಫೋಟೊಗಳನ್ನು ನನಗೆ ಕಳಿಸು, ಯಾವ ಜಾತಿ ಅಂತ ಆಗ ಖಚಿತವಾಗಿ ಹೇಳಬಹುದು.